ಆಗಿಹೋದ ಎರಡು ನಿಮಿಷವನ್ನು ಹಿಡಿಯುವ ರೇಡಿಯೊ ಪೆಟ್ಟಿಗೆ

ರೇಡಿಯೊದಲ್ಲಿ ಏನೋ ಒಂದು ಕಿವಿಗೆ ಬಿದ್ದು, ಇದನ್ನು ಹಿಡಿದಿಡಬೇಕಿತ್ತು ಅನ್ನಿಸುವ ಹೊತ್ತಿಗೆ ಅದು ಮುಗಿದಿರುತ್ತದೆ. ಉದ್ಘೋಷಕರ ನಾಲಿಗೆ ತೊಡರಿದ್ದು, ರಾತ್ರಿ ಹೊತ್ತು ಎರಡು ನಿಲ್ದಾಣಗಳು ಒಂದರ ಮೇಲೊಂದು ಬಿದ್ದು ಹುಟ್ಟಿಸಿದ ವಿಚಿತ್ರ ವಾಕ್ಯ, ಪ್ರಸಾರದ ನಡುವೆ ತಪ್ಪಿ ತೆರೆದುಕೊಂಡ ಮೈಕಿನಲ್ಲಿ ಕೇಳಿದ ಕೆಮ್ಮು: ಇವು ಯಾವುವೂ ರೆಕಾರ್ಡರ್ ಹುಡುಕಿ ಒತ್ತುವವರೆಗೆ ಕಾಯುವುದಿಲ್ಲ. ಇಂಥವು ಸಿಗಬೇಕಾದರೆ ರೆಕಾರ್ಡಿಂಗ್ ಸದಾ ನಡೆಯುತ್ತಿರಬೇಕು, ಬಟನ್ ಹಿಂದಕ್ಕೆ ಕೈಚಾಚಬೇಕು.

ಈ ಪೆಟ್ಟಿಗೆ ಮಾಡುವುದು ಅಷ್ಟೇ. ಕಳೆದ ಹತ್ತು ಹನ್ನೆರಡು ನಿಮಿಷದ ಧ್ವನಿ ಮೆಮೊರಿಯಲ್ಲಿ ಸುತ್ತುತ್ತಿರುತ್ತದೆ. ಬಟನ್ ಒಮ್ಮೆ ಒತ್ತಿದರೆ ಹಿಂದಿನ 2 ನಿಮಿಷ, ಒತ್ತಿ ಹಿಡಿದರೆ 10 ನಿಮಿಷ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ. ಮಿಕ್ಕಿದ್ದು ತಾನಾಗಿ ಅಳಿಯುತ್ತದೆ. ಇಡೀ ದಿನ ರೆಕಾರ್ಡ್ ಮಾಡಿ ಆಮೇಲೆ ಆರಿಸಿಕೊಳ್ಳೋಣ ಅನ್ನುವವರಿಗೆ ಲೆಕ್ಕ ಹೀಗಿದೆ: 48 ಕಿಲೊಹರ್ಟ್ಸ್, 16 ಬಿಟ್, ಮೊನೊ ಅಂದರೆ ಗಂಟೆಗೆ 345.6 ಮೆಗಾಬೈಟ್, ದಿನಕ್ಕೆ ಸುಮಾರು 8.3 ಗಿಗಾಬೈಟ್. ಜಾಗ ಎಲ್ಲಾದರೂ ಸಿಕ್ಕೀತು, ಕೇಳಲು ಪುರುಸೊತ್ತು ಸಿಗದು.

ಬೇಕಾದ ಸಾಮಾನು

ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯೂ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್ ಧಾರಾಳ ಸಾಕು. ಅದರ 512 ಮೆಗಾಬೈಟ್ ಮೆಮೊರಿಯಲ್ಲಿ ಈ ಕೆಲಸಕ್ಕೆ ಏಳನೇ ಒಂದು ಭಾಗದಷ್ಟು ಹೋಗುತ್ತದೆ. ಪೈ ಬೋರ್ಡುಗಳಲ್ಲಿ ಧ್ವನಿ ಒಳಬರುವ ದಾರಿಯೇ ಇಲ್ಲ. ಕೆಲವು ಮಾದರಿಗಳಲ್ಲಿರುವ 3.5 ಮಿಲಿಮೀಟರ್ ಜ್ಯಾಕ್ ಹೊರಹೋಗುವುದಕ್ಕೆ ಮಾತ್ರ. ಹಾಗಾಗಿ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು, ಜೀರೊ ಆದರೆ ಜೊತೆಗೊಂದು ಒಟಿಜಿ ಕೇಬಲ್ (ಬೋರ್ಡಿನ ಚಿಕ್ಕ ಕಿಂಡಿಗೆ ದೊಡ್ಡ ಯುಎಸ್‌ಬಿ ಪ್ಲಗ್ ಸೇರಿಸುವಂಥದ್ದು). ಲೈನ್-ಇನ್ (ಮೈಕಿಗಿಂತ ಜೋರಾದ ಸಿಗ್ನಲ್ಲಿಗೆಂದೇ ಇರುವ ಒಳದಾರಿ) ಇರುವ ಕಾರ್ಡ್ ಸಿಕ್ಕರೆ ಅರ್ಧ ತಲೆನೋವು ಕಮ್ಮಿ. ಇಲ್ಲಿನ ಜೋಡಣೆ ಮೈಕ್ ಒಳದಾರಿ ಮಾತ್ರ ಇರುವ ಸಾಮಾನ್ಯ ಕಾರ್ಡಿಗೆ.

ಇನ್ನುಳಿದಂತೆ: 600 ಓಮ್‌ನ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಒಂದು, 100 ಓಮ್ ರೆಸಿಸ್ಟರ್ ಎರಡು, 10 ಕಿಲೊ ಓಮ್ ಒಂದು, 1 ಕಿಲೊ ಓಮ್ ಒಂದು, 330 ಓಮ್ ಒಂದು, 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಒತ್ತುವ ಬಟನ್, ಎಲ್‌ಇಡಿ, ಡಿಎಸ್3231 ಗಡಿಯಾರದ ಮಾಡ್ಯೂಲ್, ತಂತಿಯ ಮೇಲೆ ಕಚ್ಚಿಸುವ ಫೆರೈಟ್ ಮಣಿ ಎರಡು, 32 ಗಿಗಾಬೈಟ್ ಮೆಮೊರಿ ಕಾರ್ಡ್. ರೇಡಿಯೊ ಯಾವುದಾದರೂ ನಡೆಯುತ್ತದೆ, ಬ್ಯಾಟರಿಯಲ್ಲಿ ಓಡುವುದಾದರೆ ಒಳ್ಳೆಯದು.

ರೇಡಿಯೊದಿಂದ ಕಾರ್ಡಿಗೆ

ಹೆಡ್‌ಫೋನ್ ಜ್ಯಾಕಿನ ಎಡ, ಬಲ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆಸೆಯಬಾರದು. ಎರಡು ಆಂಪ್ಲಿಫೈಯರುಗಳು ಒಂದನ್ನೊಂದು ತಳ್ಳಾಡುತ್ತವೆ. ಪ್ರತಿಯೊಂದಕ್ಕೂ 100 ಓಮ್ ಹಾಕಿ, ಆ ಎರಡರ ತುದಿ ಸೇರಿಸಿ, ಟ್ರಾನ್ಸ್‌ಫಾರ್ಮರಿನ ಮೊದಲ ಸುರುಳಿಗೆ ಕೊಡಿ. ಜ್ಯಾಕಿನ ಗ್ರೌಂಡ್ ಆ ಸುರುಳಿಯ ಇನ್ನೊಂದು ತುದಿಗೆ. ಎರಡನೇ ಸುರುಳಿಯ ಒಂದು ತುದಿಯಿಂದ 10 ಕಿಲೊ ಓಮ್ ಸಾಲಿನಲ್ಲಿ, ಅದರ ನಂತರ 1 ಕಿಲೊ ಓಮ್ ಅಡ್ಡಕ್ಕೆ ಸೌಂಡ್ ಕಾರ್ಡಿನ ಗ್ರೌಂಡಿಗೆ; ಆ ಸುರುಳಿಯ ಇನ್ನೊಂದು ತುದಿಯೂ ಅಲ್ಲಿಗೇ. ಇದರಿಂದ ಸಿಗ್ನಲ್ ಹನ್ನೊಂದರಲ್ಲಿ ಒಂದು ಪಾಲಾಗುತ್ತದೆ, ಅಂದರೆ ಸುಮಾರು 21 ಡೆಸಿಬೆಲ್ ಇಳಿಕೆ. ಹೆಡ್‌ಫೋನ್ ಮಟ್ಟದ ಧ್ವನಿಯನ್ನು ಮೈಕ್ ಒಳದಾರಿಗೆ ಹಾಗೇ ನುಗ್ಗಿಸಿದರೆ ಕಾರ್ಡಿನ ಗೇನ್ (ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಸೊನ್ನೆಗಿಳಿಸಿದರೂ ಒಡಕು ಹೋಗುವುದಿಲ್ಲ, ಏಕೆಂದರೆ ಒಡೆಯುವುದು ಗೇನ್‌ಗಿಂತ ಮುಂಚಿನ ಹಂತದಲ್ಲಿ.

ಮುಂದೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಪ್ಲಸ್ ತುದಿ ಸೌಂಡ್ ಕಾರ್ಡಿನ ಕಡೆಗೆ. ಇದನ್ನು ಬಿಡುವವರೇ ಹೆಚ್ಚು. ಮೈಕ್ ಒಳದಾರಿ ಎಲೆಕ್ಟ್ರೆಟ್ ಮೈಕಿಗೆಂದು ಒಂದಿಷ್ಟು ಡಿಸಿ ವೋಲ್ಟೇಜನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಸುರುಳಿಯೊಳಗೆ ಹರಿದರೆ ಚಿಕ್ಕ ತಿರುಳು ಕಾಂತೀಯವಾಗಿ ತುಂಬಿಹೋಗಿ ಮಂದ್ರ ಧ್ವನಿಯೆಲ್ಲ ಕಲಸಿದಂತೆ ಕೇಳಿಸುತ್ತದೆ. ಕೆಪಾಸಿಟರಿನ ಅಳತೆ ಸುಮ್ಮನೆ 10 ಅಲ್ಲ: ಒಳದಾರಿಯ ಇಂಪೀಡೆನ್ಸ್ 2 ಕಿಲೊ ಓಮ್ ಎಂದುಕೊಂಡರೆ 10 ಮೈಕ್ರೊಫ್ಯಾರಡ್ ಕಡಿಯುವುದು 8 ಹರ್ಟ್ಸ್ ಕೆಳಗೆ, 1 ಮೈಕ್ರೊಫ್ಯಾರಡ್ ಹಾಕಿದರೆ 80 ಹರ್ಟ್ಸ್ ಹತ್ತಿರವೇ ಕಡಿಯಲು ಶುರು. ಗಂಡುದನಿಯ ಬುಡ ಅಲ್ಲೇ ಇರುವುದು.

ವಾಲ್ಯೂಮ್ ಗುಬುಟು ತಿರುಗಿಸಿದರೆ ರೆಕಾರ್ಡಿಂಗ್ ಮಟ್ಟವೂ ಬದಲಾಗುವುದು ಈ ಜೋಡಣೆಯ ಕೊರತೆ. ರೇಡಿಯೊ ಬಿಚ್ಚಲು ಅಂಜದವರು ವಾಲ್ಯೂಮ್ ಪಾಟಿನ ಮೇಲಿನ ಕಾಲಿನಿಂದಲೇ 1 ಮೈಕ್ರೊಫ್ಯಾರಡ್ ಮತ್ತು 10 ಕಿಲೊ ಓಮ್ ಮೂಲಕ ತಂತಿ ಎಳೆದುಕೊಳ್ಳಬಹುದು. ಅಲ್ಲಿ ಸಿಗ್ನಲ್ ಗುಬುಟಿಗೆ ಬಗ್ಗುವುದಿಲ್ಲ. ಒಂದೇ ಚಿಪ್ಪಿನ ಡಿಜಿಟಲ್ ರೇಡಿಯೊಗಳಲ್ಲಿ ಇದು ಸಾಗದು: ಗುಬುಟು ಇದ್ದರೂ ಧ್ವನಿ ಅದರ ಮೂಲಕ ಹಾಯುವುದಿಲ್ಲ, ಅದು ಚಿಪ್ಪಿಗೆ ಸಂಖ್ಯೆಯನ್ನಷ್ಟೇ ಹೇಳುತ್ತಿರುತ್ತದೆ. ಗೋಡೆಯ ಕರೆಂಟಿನಲ್ಲಿ ನೇರವಾಗಿ ಓಡುವ ಹಳೆಯ ವಾಲ್ವ್ ರೇಡಿಯೊಗಳ ತಂಟೆಗೆ ಮಾತ್ರ ಹೋಗಲೇಬೇಡಿ. ಅಂಥ ಕೆಲವದರಲ್ಲಿ ಚಾಸಿಯೇ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಅವುಗಳ ಸ್ಪೀಕರಿನ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ, ದನಿಗೂ ಅದೇ ಚೆಂದ.

ಗುಂಯ್, ಕೀಂಯ್, ಕರಕರ

ಟ್ರಾನ್ಸ್‌ಫಾರ್ಮರ್ ಯಾಕೆ ಬೇಕು ಅನ್ನುವುದು ಅದಿಲ್ಲದೆ ಒಮ್ಮೆ ಜೋಡಿಸಿ ಕೇಳಿದರೆ ತಿಳಿಯುತ್ತದೆ. ಯಾವ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಧ್ವನಿ ಎಂಬ ಚಿತ್ರ) ನೋಡಿ. 50 ಹರ್ಟ್ಸ್ ಕರೆಂಟಿರುವಲ್ಲಿ 50, 100, 150ರಲ್ಲಿ ಗೆರೆಗಳಿದ್ದರೆ ಗ್ರೌಂಡ್ ಲೂಪ್ (ಎರಡು ಉಪಕರಣಗಳ ಗ್ರೌಂಡ್ ತಂತಿಗಳು ಸುತ್ತಾಗಿ ಕರೆಂಟಿನ ಗುಂಯ್ ಒಳಬರುವುದು) ಎಂದು ಶಂಕಿಸಿ (60 ಹರ್ಟ್ಸ್ ಇರುವಲ್ಲಿ 60, 120, 180). ರೇಡಿಯೊವನ್ನು ಬ್ಯಾಟರಿಗೆ ಬದಲಿಸಿದಾಗ ಅದು ಹೋದರೆ ಅನುಮಾನವೇ ಬೇಡ, ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುತ್ತದೆ. ಸರಿಯಾಗಿ 1000 ಹರ್ಟ್ಸ್, ಅದರ ಮೇಲೆ 2000, 3000ರಲ್ಲಿ ಕೀಂಯ್‌ಗುಟ್ಟುವ ಗೆರೆ ಕಂಡರೆ ಅದು ಯುಎಸ್‌ಬಿಯದು: ಅದರ ಸಂಚಾರ ಮಿಲಿಸೆಕೆಂಡಿಗೊಂದು ಕಂತು, ಆ ತಾಳ ಗ್ರೌಂಡ್ ತಂತಿಯಲ್ಲಿ ಸೋರುತ್ತದೆ. ಇದಕ್ಕೆ ಪವರ್ ಅಡಾಪ್ಟರ್ ಬದಲಿಸಿ ನೋಡಿ, ಪೋರ್ಟ್ ಒಂದಕ್ಕಿಂತ ಹೆಚ್ಚಿರುವ ಬೋರ್ಡಾದರೆ ಸೌಂಡ್ ಕಾರ್ಡನ್ನು ಇನ್ನೊಂದಕ್ಕೆ ಹಾಕಿ ನೋಡಿ. 217 ಹರ್ಟ್ಸ್‌ನ ದಡದಡ ಆಗಾಗ ಬಂದು ಹೋಗುತ್ತಿದ್ದರೆ ಹತ್ತಿರ ಎಲ್ಲೋ 2ಜಿಯಲ್ಲಿ ಮಾತಾಡುತ್ತಿರುವ ಮೊಬೈಲ್ ಇದೆ.

ಎಎಂ ಬೇರೆಯೇ ಕಥೆ. ಅಲ್ಲಿ ಗಲಾಟೆ ತಂತಿಯಲ್ಲಿ ಬರುವುದಕ್ಕಿಂತ ಗಾಳಿಯಲ್ಲಿ ಬರುವುದೇ ಜಾಸ್ತಿ. ಪೈ, ಅದರ ಅಡಾಪ್ಟರ್, ಯುಎಸ್‌ಬಿ ಕೇಬಲ್ ಮೂರೂ ಸೇರಿ ಮೀಡಿಯಂ ವೇವ್ ಪಟ್ಟಿಯ ತುಂಬ ಕರಕರ ಹರಡುತ್ತವೆ. ರೇಡಿಯೊವನ್ನು ಪೆಟ್ಟಿಗೆಯಿಂದ ಎರಡು ಮೀಟರ್‌ನಷ್ಟು ದೂರ ಇಡಿ, ನಡುವೆ ಆಡಿಯೊ ಕೇಬಲ್ಲನ್ನೇ ಉದ್ದ ಮಾಡಿ. ಆ ಮಟ್ಟದ ಧ್ವನಿ ಐದು ಮೀಟರ್ ಓಡಿದರೂ ಸೊರಗುವುದಿಲ್ಲ. ಆಮೇಲೆ ರೇಡಿಯೊವನ್ನು ನಿಧಾನ ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿ ತನ್ನ ತುದಿಗಳ ದಿಕ್ಕಿನಿಂದ ಬರುವುದನ್ನು ಕೇಳಿಸಿಕೊಳ್ಳುವುದಿಲ್ಲ. ಆ ಕಿವುಡು ದಿಕ್ಕನ್ನು ಪೈ ಕಡೆಗೆ ತಿರುಗಿಸಿದರೆ ಗಲಾಟೆ ತಟ್ಟನೆ ಇಳಿಯುತ್ತದೆ. ನಿಲ್ದಾಣವೂ ಅದೇ ದಿಕ್ಕಿನಲ್ಲಿದ್ದರೆ ಪೈಯನ್ನೇ ಎತ್ತಿ ಬೇರೆ ಕಡೆ ಇಡಬೇಕು.

ಜೇಬಿನ ಎಫ್‌ಎಂ ರೇಡಿಯೊಗಳಲ್ಲಿ ಇಯರ್‌ಫೋನ್ ತಂತಿಯೇ ಆಂಟೆನಾ. ಹಾಗಿದ್ದಾಗ ರೇಡಿಯೊದಿಂದ ಟ್ರಾನ್ಸ್‌ಫಾರ್ಮರಿನವರೆಗೆ 75 ಸೆಂಟಿಮೀಟರ್ ತಂತಿ ಬಿಡಿ, 100 ಮೆಗಾಹರ್ಟ್ಸ್‌ಗೆ ಅದು ಕಾಲು ಅಲೆ. ಫೆರೈಟ್ ಮಣಿ ಕಚ್ಚಿಸುವುದು ಟ್ರಾನ್ಸ್‌ಫಾರ್ಮರ್ ಕಡೆಯ ತುದಿಗೆ. ರೇಡಿಯೊ ಕಡೆಗೆ ಕಚ್ಚಿಸಿದರೆ ಆಂಟೆನಾದ ಕುತ್ತಿಗೆ ಹಿಸುಕಿದಂತಾಗಿ ನಿಲ್ದಾಣಗಳೇ ಮಾಯ.

ಬಟನ್, ದೀಪ, ಗಡಿಯಾರ

ಬಟನ್ ಪೈಯ 11ನೇ ಪಿನ್ನಿಗೆ (ತಂತ್ರಾಂಶದಲ್ಲಿ ಅದರ ಹೆಸರು ಜಿಪಿಐಒ 17) ಮತ್ತು 9ನೇ ಪಿನ್ನಿನ ಗ್ರೌಂಡಿಗೆ. ಒಳಗಿನ ಪುಲ್-ಅಪ್ (ಒತ್ತದಿದ್ದಾಗ ಪಿನ್ನನ್ನು 3.3 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಆನ್ ಮಾಡಿ, 50 ಮಿಲಿಸೆಕೆಂಡ್ ಡಿಬೌನ್ಸ್ (ಬಟನ್ ಅದುರಿದ್ದನ್ನು ಹಲವು ಒತ್ತೆಂದು ಎಣಿಸದಿರುವ ಬಿಡುವು) ಕೊಟ್ಟರೆ ಮುಗಿಯಿತು. ದೀಪ 13ನೇ ಪಿನ್ನಿನಿಂದ (ಜಿಪಿಐಒ 27) 330 ಓಮ್ ಮೂಲಕ. ಒಂದೂವರೆ ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಅದು ಉದ್ದ ಒತ್ತು.

ಗಡಿಯಾರ ಯಾಕೆಂದರೆ, ಜೀರೊ 2 ಡಬ್ಲ್ಯೂ ಕರೆಂಟ್ ಹೋಗಿ ಬಂದಾಗ ಹೊತ್ತು ಮರೆತಿರುತ್ತದೆ. ನೆಟ್‌ವರ್ಕ್ ಸಿಗುವ ತನಕ ಹಳೆಯ ಸಮಯವನ್ನೇ ಹಿಡಿದು ಕಡತಗಳಿಗೆ ಹೆಸರಿಡುತ್ತದೆ. ಯಾವಾಗ ಪ್ರಸಾರವಾಯಿತೆಂದು ಗೊತ್ತಿಲ್ಲದ ತುಣುಕು ಅರ್ಧ ಸತ್ತಂತೆ. ಡಿಎಸ್3231ರ ತಪ್ಪು ಹತ್ತು ಲಕ್ಷಕ್ಕೆ ಎರಡು, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. 1ನೇ ಪಿನ್ನಿನ 3.3 ವೋಲ್ಟ್, 3 ಮತ್ತು 5ನೇ ಪಿನ್ನಿನ, ಮಾಹಿತಿ ಸಾಗಿಸುವ ಐ2ಸಿ ತಂತಿಗಳು, 6ನೇ ಪಿನ್ನಿನ ಗ್ರೌಂಡ್. ಮಾಡ್ಯೂಲಿಗೆ 5 ವೋಲ್ಟ್ ಕೊಡಬೇಡಿ. ಪೈ ಪಿನ್ನುಗಳು 3.3 ವೋಲ್ಟಿನವು ಅನ್ನುವುದು ಒಂದು ಕಾರಣ. ಇನ್ನೊಂದು, ನೀಲಿ ಬಣ್ಣದ ಅಗ್ಗದ ಮಾಡ್ಯೂಲುಗಳಲ್ಲಿ ಬಿಲ್ಲೆ ಸೆಲ್ಲನ್ನು ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಅದಕ್ಕೂ ಚಾರ್ಜ್ ತುರುಕಲು ನೋಡುತ್ತದೆ, ಸೆಲ್ ಉಬ್ಬುತ್ತದೆ. 3.3ರಲ್ಲಿ ಡಯೋಡ್ ಕಳೆದು ಉಳಿಯುವ ವೋಲ್ಟೇಜ್ ಸೆಲ್ಲಿಗಿಂತ ಕಮ್ಮಿಯಾದ್ದರಿಂದ ಆ ಭಯವಿಲ್ಲ.

ಸುತ್ತುವ ಮೆಮೊರಿ

ಮೊದಲು ಆಲ್ಸಾಮಿಕ್ಸರ್ (ಪೈಯಲ್ಲಿ ಧ್ವನಿ ಮಟ್ಟ ಹೊಂದಿಸುವ ಪ್ರೋಗ್ರಾಮ್) ತೆರೆದು ಕಾರ್ಡಿನ ಕ್ಯಾಪ್ಚರ್ ಪುಟದಲ್ಲಿ ಆಟೊ ಗೇನ್ ಕಂಟ್ರೋಲ್ ಇದೆಯೇ ನೋಡಿ. ಇದ್ದರೆ ಆಫ್ ಮಾಡಿ. ಅದು ಆನ್ ಇದ್ದಾಗ ಮಾತಿನ ನಡುವಿನ ಮೌನದಲ್ಲಿ ಸುಯ್‌ಗುಡುವಿಕೆ ಊದಿಕೊಳ್ಳುತ್ತದೆ, ಮಾತು ಶುರುವಾದ ಕೂಡಲೇ ಮುದುರುತ್ತದೆ. ಆಮೇಲೆ ಇದನ್ನು ಸರಿಪಡಿಸಲು ಯಾವ ದಾರಿಯೂ ಇಲ್ಲ. ಮಾತಿನ ಶಿಖರಗಳು ಮೈನಸ್ 12 ಡೆಸಿಬೆಲ್ (ಸೊನ್ನೆ ಅಂದರೆ ಒಡೆಯದೆ ಹಿಡಿಯಬಲ್ಲ ಗರಿಷ್ಠ) ಸುತ್ತ ಬರುವಂತೆ ಗೇನ್ ಇಟ್ಟು ಉಳಿಸಿಕೊಳ್ಳಿ.

ರೆಕಾರ್ಡಿಂಗ್ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದ ಕೆಲಸ. ಒಳಗೆ ಆಲ್ಸಾ (ಲಿನಕ್ಸ್‌ನ ಧ್ವನಿ ವ್ಯವಸ್ಥೆ), ಮೊನೊ, 48 ಕಿಲೊಹರ್ಟ್ಸ್. ಹೊರಗೆ ಸೆಗ್ಮೆಂಟ್ ಮಾದರಿ, ಪ್ರತಿ ತುಂಡು 10 ಸೆಕೆಂಡಿನ ವೇವ್ ಕಡತ, 72 ತುಂಡಾದ ಮೇಲೆ ಮತ್ತೆ ಸೊನ್ನೆಯಿಂದ ಬರೆಯುವಂತೆ ವ್ರ್ಯಾಪ್. ಒಂದು ತುಂಡು 9,60,000 ಬೈಟ್, ಎಲ್ಲ ಸೇರಿ ಸುಮಾರು 69 ಮೆಗಾಬೈಟ್. ಬರೆಯುವ ಜಾಗ ಡೆವ್ ಕೆಳಗಿನ ಎಸ್‌ಎಚ್‌ಎಂ ಫೋಲ್ಡರ್. ಅದು ಇರುವುದು ರ‍್ಯಾಮ್‌ನಲ್ಲಿ. ಮೆಮೊರಿ ಕಾರ್ಡಿಗೇ ಸದಾ ಬರೆಸಿದರೆ ಎರಡು ನಷ್ಟ: ಕಾರ್ಡ್ ಬೇಗ ಸವೆಯುತ್ತದೆ, ಮತ್ತು ಅದು ಒಳಗೊಳಗೇ ಜಾಗ ಸರಿಪಡಿಸಿಕೊಳ್ಳಲು ಅರೆಕ್ಷಣ ನಿಂತಾಗ ಓವರ್‌ರನ್ ಆಗಿ (ಬರೆಯುವ ಮೊದಲೇ ಹೊಸ ಧ್ವನಿ ತುಂಬಿಬಂದು) ಧ್ವನಿ ಹಾರುತ್ತದೆ.

ಸೌಂಡ್ ಕಾರ್ಡನ್ನು ಕಾರ್ಡ್ 1, ಕಾರ್ಡ್ 2 ಎಂದು ಸಂಖ್ಯೆಯಿಂದ ಕರೆಯಬೇಡಿ. ಮರುಚಾಲನೆಯಲ್ಲಿ ಸಂಖ್ಯೆ ಅದಲುಬದಲಾಗಬಹುದು. ಹೆಸರಿನಿಂದ ಕರೆದರೆ ಸದಾ ಸಿಗುತ್ತದೆ.

ಬಟನ್ ಒತ್ತಿದಾಗ ನಡೆಯುವುದರಲ್ಲೇ ಇಡೀ ಪೆಟ್ಟಿಗೆಯ ಜೀವ ಇದೆ. ಆ ಕ್ಷಣ ಬರೆಯುತ್ತಿರುವ ತುಂಡು ಇನ್ನೂ ಮುಚ್ಚಿಲ್ಲ. ವೇವ್ ಕಡತದ ಹೆಡರಿನಲ್ಲಿ ಉದ್ದ ನಮೂದಾಗುವುದು ಮುಚ್ಚುವಾಗಲೇ. ಅದನ್ನು ಹಾಗೇ ನಕಲಿಸಿದರೆ ಕೆಲವು ಪ್ಲೇಯರುಗಳು ಅದರ ಉದ್ದವನ್ನು ತಪ್ಪಾಗಿ ಓದುತ್ತವೆ. ಆದ್ದರಿಂದ ಬಟನ್ ನೋಡಿಕೊಳ್ಳುವ ಸ್ಕ್ರಿಪ್ಟ್ ಹೊಸ ತುಂಡು ಶುರುವಾಗುವವರೆಗೆ ಕಾಯಬೇಕು, ಹೆಚ್ಚೆಂದರೆ 10 ಸೆಕೆಂಡು. ಆಮೇಲೆ ಕಡತಗಳನ್ನು ಬದಲಾದ ಹೊತ್ತಿನ ಪ್ರಕಾರ ಜೋಡಿಸಿ (ವ್ರ್ಯಾಪ್ ಆಗುವುದರಿಂದ ಹೆಸರಿನ ಸಂಖ್ಯೆ ಕ್ರಮ ಹೇಳುವುದಿಲ್ಲ), ತೀರ ಹೊಸದನ್ನು ಬಿಟ್ಟು, ಚಿಕ್ಕ ಒತ್ತಿಗೆ 13 ತುಂಡು, ಉದ್ದ ಒತ್ತಿಗೆ 61 ತುಂಡು ಬೇರೆ ಫೋಲ್ಡರಿಗೆ ನಕಲಿಸುತ್ತದೆ. ಒಂದು ಹೆಚ್ಚಿನದು ಯಾಕೆಂದರೆ ಕೊನೆಯ ತುಂಡಿನಲ್ಲಿ ಒತ್ತಿದ ನಂತರದ ಧ್ವನಿಯೂ ಸೇರಿರುತ್ತದೆ. 72 ಇಟ್ಟದ್ದೂ ಇದಕ್ಕೇ. ಸರಿಯಾಗಿ 60 ಇಟ್ಟಿದ್ದರೆ ನಕಲು ನಡೆಯುವಾಗಲೇ ಅತಿ ಹಳೆಯ ತುಂಡಿನ ಮೇಲೆ ಹೊಸದು ಬರೆದಾಗಿರುತ್ತಿತ್ತು.

ತುಂಡುಗಳನ್ನು ಸೇರಿಸಲು ಎಫ್‌ಎಫ್‌ಎಂಪೆಗ್‌ನ ಕಾನ್‌ಕ್ಯಾಟ್ ಬಳಸಿ. ಕ್ಯಾಟ್ ಆದೇಶದಿಂದ ಕಡತಗಳನ್ನು ಹಾಗೇ ಒಂದಕ್ಕೊಂದು ಅಂಟಿಸಿದರೆ ಮೊದಲ 10 ಸೆಕೆಂಡು ಮಾತ್ರ ಕೇಳಿಸೀತು, ಇಲ್ಲವೇ ಪ್ರತಿ ಹೆಡರನ್ನೂ ಧ್ವನಿಯೆಂದೇ ಓದಿ 10 ಸೆಕೆಂಡಿಗೊಮ್ಮೆ ಟಕ್ ಅಂದೀತು. ಸೇರಿಸಿದ್ದನ್ನು ಫ್ಲ್ಯಾಕ್ (ಧ್ವನಿ ಏನೂ ಕಳೆಯದೆ ಕುಗ್ಗಿಸುವ ಕಡತ) ಮಾಡಿ ಮೆಮೊರಿ ಕಾರ್ಡಿಗೆ ಇಳಿಸಿ. ಶುದ್ಧ ಮಾತಿನ ಎಫ್‌ಎಂ ಸಾಮಾನ್ಯವಾಗಿ ಅರ್ಧಕ್ಕಿಳಿಯುತ್ತದೆ. ಕರಕರ ತುಂಬಿದ ಶಾರ್ಟ್‌ವೇವ್ ಅಷ್ಟು ಕುಗ್ಗುವುದಿಲ್ಲ, ಗದ್ದಲದಲ್ಲಿ ಮುಂದಿನದನ್ನು ಊಹಿಸಲು ಯಾವ ಕ್ರಮವೂ ಇರುವುದಿಲ್ಲವಲ್ಲ.

ಎಲ್ಲವನ್ನೂ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಸರ್ವೀಸ್ ಮಾಡಿ, ಬಿದ್ದರೆ ತಾನೇ ಏಳುವಂತೆ ಇಡಿ. ದೀಪವನ್ನು ಮಾತ್ರ ಪ್ರೋಗ್ರಾಮ್ ಓಡುತ್ತಿದೆಯೇ ಅನ್ನುವುದಕ್ಕೆ ಕಟ್ಟಬೇಡಿ. ಓಡುತ್ತಲೇ ಏನೂ ಬರೆಯದೆ ಕೂರುವ ಸ್ಥಿತಿ ಬೇಕಾದಷ್ಟು ಸಲ ಬರುತ್ತದೆ. ಅತಿ ಹೊಸ ತುಂಡು 15 ಸೆಕೆಂಡಿಗಿಂತ ಹಳತಾಗಿದ್ದರೆ ದೀಪ ಬೇಗ ಬೇಗ ಮಿನುಗಲಿ. ಒಂದು ನಿಮಿಷದ ಸರಾಸರಿ ಮಟ್ಟ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿದ್ದರೆ ನಿಧಾನ ಮಿನುಗಲಿ: ನಿಲ್ದಾಣ ಇಲ್ಲದಿದ್ದರೂ ಹೆಚ್ಚಿನ ರೇಡಿಯೊ ಸುಯ್ ಅನ್ನುತ್ತಿರುತ್ತದೆ, ಪೂರ್ತಿ ಮೌನ ಅಂದರೆ ಬ್ಯಾಟರಿ ಮುಗಿದಿದೆ ಅಥವಾ ಪಿನ್ ಕಳಚಿದೆ.

ದಿನನಿತ್ಯದ ಶಬ್ದಕ್ಕೆ

ಇದೇ ಪೆಟ್ಟಿಗೆಗೆ ರೇಡಿಯೊ ಬದಲು ಮೈಕ್ ಹಾಕಿದರೆ ಲಿಫ್ಟಿನ ಬಾಗಿಲು, ಎಣ್ಣೆ ಕಾಣದ ತಿರುಗಣೆ, ನಲ್ಲಿಯಲ್ಲಿ ನೀರು ಬರುವ ಮುಂಚಿನ ಗಾಳಿಯ ಗುಟುರು ಇವೂ ಹಾಗೇ ಸಿಕ್ಕಿಬೀಳುತ್ತವೆ. ಎಲೆಕ್ಟ್ರೆಟ್ ಮೈಕನ್ನು ಕೆಪಾಸಿಟರ್ ದಾಟಿಸಿ ಕೊಡಬಾರದು. ರೇಡಿಯೊಗೆ ಕಂಟಕವಾದ ಆ ಡಿಸಿ ವೋಲ್ಟೇಜೇ ಮೈಕಿಗೆ ಅನ್ನ. ಹಾಗಾಗಿ ಅದಕ್ಕೆ ಬೇರೆ ಜ್ಯಾಕ್ ಇಟ್ಟು ನೇರ ಕಾರ್ಡಿಗೆ ಜೋಡಿಸಿ. ಬಾಗಿಲು ಧಡ್ ಅನ್ನುವುದು ಮಾತಿಗಿಂತ ಎಷ್ಟೋ ಪಟ್ಟು ಜೋರು, ಆದ್ದರಿಂದ ಸಾಮಾನ್ಯ ಮಟ್ಟ ಮೈನಸ್ 20ಕ್ಕೆ ಇಳಿಸಿ. ಗಾಳಿಯ ಬಡಿತವನ್ನು ಆಮೇಲೆ ಫಿಲ್ಟರಿನಲ್ಲಿ ತೆಗೆಯೋಣ ಅನ್ನಬೇಡಿ, ಒಡೆದ ಅಲೆ ಒಡೆದದ್ದೇ. ಸ್ಪಂಜಿನ ಮೇಲೆ ತುಪ್ಪಳದ ಹೊದಿಕೆ ಹಾಕಿ.

ಗೋಡೆಗೆ, ಕೊಳವೆಗೆ, ಕಿಟಕಿ ಸರಳಿಗೆ ಅಂಟಿಸಿ ಕೇಳಲು 27 ಮಿಲಿಮೀಟರಿನ ಪೀಜೊ ಬಿಲ್ಲೆ ಅಗ್ಗ, ಆದರೆ ಮೈಕ್ ಒಳದಾರಿಗೆ ನೇರ ಕೊಟ್ಟರೆ ಚಿರಚಿರ ಬಿಟ್ಟು ಬೇರೇನೂ ಕೇಳಿಸದು. ಬಿಲ್ಲೆಯ ಕೆಪಾಸಿಟೆನ್ಸ್ 20 ನ್ಯಾನೊಫ್ಯಾರಡ್ ಎಂದಿಟ್ಟುಕೊಂಡರೆ, 2 ಕಿಲೊ ಓಮ್ ಒಳದಾರಿಯಲ್ಲಿ 4 ಕಿಲೊಹರ್ಟ್ಸ್ ಕೆಳಗಿನದೆಲ್ಲ ಸೋರಿಹೋಗುತ್ತದೆ. 1 ಮೆಗಾ ಓಮ್ ಆದರೆ ಕಡಿತ 8 ಹರ್ಟ್ಸ್‌ಗೆ ಇಳಿಯುತ್ತದೆ. ಅದಕ್ಕಾಗಿ ಒಂದೇ ಎಫ್‌ಇಟಿಯ (ಒಂದು ಬಗೆಯ ಟ್ರಾನ್ಸಿಸ್ಟರ್) ಚಿಕ್ಕ ಬಫರ್ ನಡುವೆ ಬೇಕೇ ಬೇಕು.

ಈ ಜೋಡಣೆಯಲ್ಲಿ ಒಂದು ಮರ್ಯಾದೆಯ ಪ್ರಶ್ನೆಯೂ ಇದೆ. ಮೈಕ್ ಹಾಕಿದ ಪೆಟ್ಟಿಗೆ ಸದಾ ಕೇಳಿಸಿಕೊಳ್ಳುತ್ತಿರುತ್ತದೆ. ಜನ ಕೂತು ಮಾತಾಡುವ ಕೋಣೆಯಲ್ಲಿ ಅವರಿಗೆ ಹೇಳದೆ ಇಡಬಾರದು. ಎಷ್ಟೋ ದೇಶಗಳಲ್ಲಿ ಅದು ಅಪರಾಧವೂ ಹೌದು. ಮೈಕಿನ ತಂತಿಯನ್ನೇ ಕಡಿಯುವ ಸ್ವಿಚ್ಚನ್ನು ಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ.

ಕತ್ತರಿಸುವುದು, ಹಂಚುವುದು

ಮೂಲ ಫ್ಲ್ಯಾಕ್ ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಿ. ಬೇಕಾದ ಮಾತಿನ ಹಿಂದೆ ಮುಂದೆ ಒಂದೆರಡು ಸೆಕೆಂಡು ಬಿಟ್ಟು, ಅಲೆ ಸೊನ್ನೆ ದಾಟುವಲ್ಲಿ ಕತ್ತರಿಸಿ, ಎರಡೂ ತುದಿಗೆ 10 ಮಿಲಿಸೆಕೆಂಡ್ ಫೇಡ್ ಕೊಡಿ. ಎಫ್‌ಎಂ ಪ್ರಸಾರದ ಧ್ವನಿ ಇರುವುದೇ 15 ಕಿಲೊಹರ್ಟ್ಸ್‌ವರೆಗೆ. ಅದರ ಮೇಲೆ 19ರಲ್ಲಿ ಸ್ಟೀರಿಯೊ ಪೈಲಟ್ (ಪ್ರಸಾರ ಸ್ಟೀರಿಯೊ ಎಂದು ರೇಡಿಯೊಗೆ ತಿಳಿಸುವ ನಾದ) ಸೋರಿರಬಹುದು, ಕಿವಿಗೆ ಕೇಳಿಸದಿದ್ದರೂ ಎನ್‌ಕೋಡರ್ ಅದಕ್ಕೂ ಬಿಟ್ ಖರ್ಚು ಮಾಡೀತು. 15.5ರಲ್ಲಿ ಲೋ-ಪಾಸ್ (ಅದರ ಮೇಲಿನದನ್ನು ಕಡಿಯುವ ಫಿಲ್ಟರ್) ಹಾಕಿ ಬಿಡಿ. ಮೀಡಿಯಂ ವೇವ್‌ನಲ್ಲಿ ಪಕ್ಕದ ನಿಲ್ದಾಣದ ವಾಹಕ ಅಲೆ 9 ಕಿಲೊಹರ್ಟ್ಸ್ ಸೀಟಿ ಊದುತ್ತದೆ (ಅಮೆರಿಕ ಖಂಡಗಳಲ್ಲಿ 10), ಶಾರ್ಟ್‌ವೇವ್‌ನಲ್ಲಿ 5. ಅಷ್ಟು ಜಾಗಕ್ಕೆ ಮಾತ್ರ ಕಿರಿದಾದ ನಾಚ್ ಫಿಲ್ಟರ್ ಸಾಕು.

ನಾಯ್ಸ್ ರಿಡಕ್ಷನ್ ಬೇಡ. ಅದು ಹೋದಲ್ಲೆಲ್ಲ ನೀರಿನಡಿ ಗುಳುಗುಳು ಅನ್ನುವ ಕೃತಕ ಶಬ್ದ ಬಿಟ್ಟುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಏರಿಳಿಯುವ ದನಿ, ಹಿಂದಿನ ಸಿಡಿಲಿನ ಚಟಚಟ ಇವೇ ತುಣುಕು ಎಷ್ಟು ದೂರದಿಂದ, ಎಂಥ ಹವೆಯಲ್ಲಿ ಬಂತು ಅನ್ನುವುದಕ್ಕೆ ಸಾಕ್ಷಿ. ತೊಳೆದು ಬೆಳ್ಳಗೆ ಮಾಡಿದ ರೇಡಿಯೊ ತುಣುಕು ಸ್ಟುಡಿಯೊದ ಕೆಟ್ಟ ರೆಕಾರ್ಡಿಂಗಿನಂತೆ ಕೇಳಿಸುತ್ತದೆ.

ಕೇಳುವ ಮಟ್ಟ ಮೊನೊಗೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎಂಬುದರ ಅಳತೆ), ಸ್ಟೀರಿಯೊಗೆ ಮೈನಸ್ 16, ಶಿಖರ ಮೈನಸ್ 1 ದಾಟದಂತೆ. ಮೊನೊ ಕಡತ ಎರಡು ಸ್ಪೀಕರಿನಲ್ಲೂ ಒಟ್ಟಿಗೆ ಬರುವುದರಿಂದ ಆ 3ರ ವ್ಯತ್ಯಾಸ. ಹಂಚಲು ಓಪಸ್ ಮಾದರಿಯ ಕಡತ, 64 ಕಿಲೊಬಿಟ್ ಸಾಕು, ನಿಮಿಷಕ್ಕೆ 480 ಕಿಲೊಬೈಟ್.

ಕಡತದ ಹೆಸರು ವರ್ಷ-ತಿಂಗಳು-ದಿನ, ಗಂಟೆ-ನಿಮಿಷ, ತರಂಗಾಂತರ, ಎರಡು ಪದದ ಗುರುತು, ಈ ಕ್ರಮದಲ್ಲಿ. ಸಮಯ ಯಾವ ವಲಯದ್ದು ಎಂದು ಹೆಸರಿನಲ್ಲೇ ಇರಲಿ. ಶಾರ್ಟ್‌ವೇವ್ ಕೇಳುವವರು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಬಿಟ್ಟು ಬೇರೆ ಬರೆದರೆ ನಂಬುವುದಿಲ್ಲ. ಪಕ್ಕದಲ್ಲೊಂದು ಪಠ್ಯ ಕಡತ: ಯಾವ ರೇಡಿಯೊ, ಯಾವ ಆಂಟೆನಾ, ನಿಲ್ದಾಣ ಗೊತ್ತಿದ್ದರೆ ಅದು, ಭಾಷೆ, ಏನೇನು ಕತ್ತರಿಸಿದ್ದು, ಯಾವ ಫಿಲ್ಟರ್ ಹಾಕಿದ್ದು. ನಿಲ್ದಾಣ ಊಹೆಯಾದರೆ ಊಹೆ ಎಂದೇ ಬರೆಯಿರಿ, ಊಹೆ ಒಮ್ಮೆ ನಕಲಾದರೆ ಸತ್ಯವಾಗಿ ತಿರುಗುತ್ತದೆ. ಫೋನಿನಲ್ಲಿ ಹಿಡಿದ ಶಬ್ದವಾದರೆ ಕಡತದೊಳಗೆ ಸ್ಥಳದ ಮಾಹಿತಿ ಅಡಗಿರಬಹುದು, ತೆಗೆದು ಹಂಚಿ.

ಹಕ್ಕಿನ ವಿಷಯದಲ್ಲಿ ಎರಡು ರಾಶಿ ಮಾಡಿಕೊಳ್ಳಿ. ನೀವೇ ಹಿಡಿದ ಬಾಗಿಲು, ನಲ್ಲಿ, ಯಂತ್ರದ ಶಬ್ದ ನಿಮ್ಮದು. ಫ್ರೀಸೌಂಡ್‌ನಂಥ ಶಬ್ದ ಹಂಚುವ ತಾಣದಲ್ಲಿ ಸಿಸಿ0 (ಹಕ್ಕು ಪೂರ್ತಿ ಬಿಟ್ಟುಕೊಡುವುದು) ಅಥವಾ ಹೆಸರು ಕೊಡಬೇಕೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಾಕಬಹುದು. ರೇಡಿಯೊದಿಂದ ಹಿಡಿದದ್ದು ಪ್ರಸಾರ ಮಾಡಿದವರದ್ದು, ಬರೆದವರದ್ದು, ಹಾಡಿದವರದ್ದು. ಅದನ್ನು ನಿಮ್ಮ ಪರವಾನಗಿ ಅಂಟಿಸಿ ಹಂಚುವಂತಿಲ್ಲ, ಫ್ರೀಸೌಂಡ್ ಅಂಥದ್ದನ್ನು ಸ್ವೀಕರಿಸುವುದೂ ಇಲ್ಲ. ಕೆಲವು ಸೆಕೆಂಡಿನ ತುಣುಕನ್ನು ವಿಮರ್ಶೆಗೆ, ಅಧ್ಯಯನಕ್ಕೆ ಬಳಸಲು ಎಷ್ಟು ಅವಕಾಶವಿದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಸಾರ್ವಜನಿಕ ಪ್ರಸಾರ ಅಲ್ಲದ ಮಾತುಕತೆ, ಅಂದರೆ ವಿಮಾನ, ಪೊಲೀಸ್, ಹಡಗಿನವರದ್ದು, ಕೆಲವೆಡೆ ಕೇಳುವುದೇ ಕಾನೂನುಬಾಹಿರ, ಹಂಚುವುದಂತೂ ದೂರದ ಮಾತು. ಯಾವ ತುಣುಕು ಎಲ್ಲೆಲ್ಲಿ ಹಾಕಿದ್ದೀರೆಂದು ಪಠ್ಯ ಕಡತದ ಕೊನೆಗೆ ಬರೆದಿಟ್ಟಿರಿ. ತೆಗೆಯಿರಿ ಎಂದು ಯಾರಾದರೂ ಕೇಳಿದಾಗ ಎಲ್ಲ ಕಡೆಯಿಂದಲೂ ತೆಗೆಯಬೇಕಾಗುತ್ತದೆ.